ಬಲಗಡೆಯ ಲೆಕ್ಕ

ಜಿಂಕೆ ಎಣಿಸುವ ದಿನ ನಮ್ಮಲ್ಲಿ ಒಂದೇ ನಿಯಮ. ನಿನ್ನ ಬಲಗಡೆ ಹಾದದ್ದು ನಿನ್ನದು, ಎಡಗಡೆ ಹಾದದ್ದು ನಿನ್ನದಲ್ಲ.

ಕಾಡಿನ ಒಂದು ತುಂಡನ್ನು ಸುತ್ತುವರಿಯುತ್ತೇವೆ. ಒಂದು ಬದಿಯಿಂದ ಸೋವುವವರು ಸಾಲಾಗಿ ಒಳಹೊಕ್ಕು, ಮರದ ಬೊಡ್ಡೆಗಳಿಗೆ ಕೋಲು ತಟ್ಟುತ್ತ, ಗಟ್ಟಿಯಾಗಿ ಹರಟುತ್ತ ಬರುತ್ತಾರೆ. ಉಳಿದ ಬದಿಗಳಲ್ಲಿ ಎಣಿಸುವವರು ಕಾಡಿಗೆ ಮುಖ ಮಾಡಿ, ಅಷ್ಟಷ್ಟು ದೂರಕ್ಕೆ ಒಬ್ಬೊಬ್ಬರಂತೆ ನಿಂತಿರುತ್ತಾರೆ. ಸದ್ದಿಗೆ ಎದ್ದ ಪ್ರಾಣಿ ಯಾರಾದರೂ ಇಬ್ಬರ ನಡುವಿನಿಂದಲೇ ಹೊರಬೀಳಬೇಕು. ಇಬ್ಬರೂ ಎಣಿಸಿದರೆ ಒಂದು ಜಿಂಕೆ ಎರಡಾಗುತ್ತದೆ. ಅದಕ್ಕಾಗಿ ಈ ನಿಯಮ. ನನ್ನ ಶಾಲೆಯ ಮಕ್ಕಳಿಗೆ ಇದನ್ನು ಹೇಳಿದರೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ದೊಡ್ಡವರಿಗೆ ಮಾತ್ರ ಎಡಗಡೆ ಹೋದದ್ದನ್ನು ಬಿಟ್ಟುಕೊಡಲು ಸಂಕಟ.

ನನ್ನ ಗಂಡ ಕಾಯೆತಾನ್ ಪ್ರತಿ ಚಳಿಗಾಲ ನನ್ನ ಎಡಕ್ಕೆ ನಿಲ್ಲುತ್ತಿದ್ದ. ಹಾಗಾಗಿ ನಮ್ಮಿಬ್ಬರ ನಡುವೆ ಹಾದದ್ದೆಲ್ಲ ಅವನ ಲೆಕ್ಕಕ್ಕೆ ಸೇರುತ್ತಿತ್ತು. ಮನೆಗೆ ಬಂದ ಮೇಲೆ ನಾನು ತಕರಾರು ತೆಗೆಯುತ್ತಿದ್ದೆ. "ಅಷ್ಟನ್ನೂ ನಾನೂ ನೋಡಿದೀನಿ. ನನಗೆ ಸಿಕ್ಕಿದ್ದೇನು? ಒಂದು ನರಿ."

ಅವನು ಬೂಟು ಬಿಚ್ಚುತ್ತ ಹೇಳುತ್ತಿದ್ದ: "ನನ್ನ ಬಲಗಡೆ ನೀನೇ ತಾನೇ ಇರೋದು? ನೀನೂ ನನ್ನ ಲೆಕ್ಕಾನೇ. ಸುಮ್ನೆ ಚಹಾ ಇಡು."

ಸೆಪ್ಟೆಂಬರಿನಲ್ಲಿ ಕಾಯೆತಾನ್ ಸತ್ತ. ಚಳಿಗಾಲಕ್ಕೆ ಸೌದೆ ಪೇರಿಸುತ್ತಿದ್ದವನು ರಾಶಿಗೆ ಬೆನ್ನು ಕೊಟ್ಟು ಕೂತ. ನಾನು ನೀರು ತರುವಷ್ಟರಲ್ಲಿ ಹೃದಯ ನಿಂತಿತ್ತು.

ಆಮೇಲೆ ನನಗೆ ಏನೂ ಆಗಲಿಲ್ಲ. ಅಳು ಬರಲಿಲ್ಲ, ನಿದ್ದೆ ಕೆಡಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಮುಖದ ಮೇಲೆಯೇ ಇರುತ್ತದೆ, ಬೆರಳಿಗೆ ಸಿಗುತ್ತದೆ, ಆದರೆ ಅದು ನಮ್ಮದೆನಿಸುವುದಿಲ್ಲ. ಹಾಗಿತ್ತು. ನಾನು ಜೀವಶಾಸ್ತ್ರ ಕಲಿಸುವವಳು. ನರಗಳು ಯಾಕೆ ಹೀಗೆ ಸುಮ್ಮನಾಗುತ್ತವೆ ಎಂದು ಬೇಕಾದರೆ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಬಲ್ಲೆ. ವಿವರಿಸಿದ ಮಾತ್ರಕ್ಕೆ ತುಟಿಗೆ ಸ್ಪರ್ಶ ಮರಳುವುದಿಲ್ಲ.

ಊರಿನವರು ಒಳ್ಳೆಯವರು. ಚರ್ಚಿನಲ್ಲಿ ನನ್ನ ಪಕ್ಕ ಕಾಯೆತಾನ್ ಕೂರುತ್ತಿದ್ದ ಜಾಗವನ್ನು ಹಾಗೇ ಬಿಟ್ಟಿದ್ದಾರೆ. ಕ್ರಿಸ್‌ಮಸ್ ದಿನ ಜನ ಗೋಡೆಗೆ ಒತ್ತಿಕೊಂಡು ನಿಂತರೂ ಅಲ್ಲಿ ಒಬ್ಬರೂ ಕೂರಲಿಲ್ಲ. ಬ್ರೆಡ್ಡಿನಂಗಡಿಯವಳು ಅವನಿಗಿಷ್ಟವಾದ ಗಸಗಸೆ ಬನ್ನನ್ನು ಈಗಲೂ ಶನಿವಾರ ಎತ್ತಿಡುತ್ತಾಳೆ. ನಾನು ದುಡ್ಡು ಕೊಟ್ಟು ತಂದು ಹಕ್ಕಿಗಳಿಗೆ ಹಾಕುತ್ತೇನೆ. ಅವನ ಹೆಸರನ್ನು ನನ್ನೆದುರು ಯಾರೂ ಎತ್ತುವುದಿಲ್ಲ. 'ಅದಾದ ಮೇಲೆ' ಎನ್ನುತ್ತಾರೆ. 'ಅದಕ್ಕೆ ಮುಂಚೆ' ಎನ್ನುತ್ತಾರೆ.

ಫೆಬ್ರವರಿಯಲ್ಲಿ ಗೆರ್ವಾಜಿ ಫೋನು ಮಾಡಿದ. ಅವನು ನಮ್ಮ ವಲಯದ ಅರಣ್ಯಾಧಿಕಾರಿ, ಎಣಿಕೆಯ ಮುಖ್ಯಸ್ಥ, ಕಾಯೆತಾನನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಸಬೀನಾ ಎಂಬ ನನ್ನ ಹೆಸರನ್ನು ಸಲುಗೆಯಿಂದ ಸಬಿಂಕಾ ಮಾಡಿದವನು.

"ಸಬಿಂಕಾ, ಶನಿವಾರ ಎಣಿಕೆ. ಕಷ್ಟ ಆದ್ರೆ ಬರ್ಬೇಡ."

"ಬರ್ತೀನಿ."

"ಮೊದಲು ಆಲ್ಡರ್ ಮರದ ಹಳ್ಳದ ತುಂಡು." ಆಮೇಲೆ ಸೇರಿಸಿದ: "ಈ ಸಲ ಅಲ್ಲಿ ಹಿಂಡು ಸಿಕ್ಕಿದ್ರೆ ಶರತ್ಕಾಲಕ್ಕೆ ಹೆಣ್ಣುಗಳನ್ನ ಹೊಡೆಯೋಕೆ ಅಪ್ಪಣೆ ಬರುತ್ತೆ. ಸಿಗದೇ ಇದ್ರೆ ಒಂದು ವರ್ಷ ಆ ತುಂಡಿಗೆ ಯಾರೂ ಕೈ ಹಾಕಲ್ಲ. ನಿನಗೆ ಗೊತ್ತಿರ್ಲಿ ಅಂತ ಹೇಳ್ದೆ."

ಗೊತ್ತಿತ್ತು. ಆ ಹಳ್ಳದ ಹಿಂಡು ಕಾಯೆತಾನನದು. ಅವನದು ಎಂದರೆ ಅವನು ಅದನ್ನು ನೋಡುತ್ತಿದ್ದ, ಅಷ್ಟೆ. ಭಾನುವಾರ ಬೆಳಿಗ್ಗೆ ಪೂಜೆಗೆ ಮುಂಚೆ ಹಳ್ಳದಂಚಿನ ಅಟ್ಟಣೆ ಹತ್ತಿ ಕೂರುತ್ತಿದ್ದೆವು. ಮಾತಿಲ್ಲ. ಉಸಿರನ್ನು ಮಫ್ಲರಿನೊಳಗೆ ಬಿಡಬೇಕು, ಇಲ್ಲದಿದ್ದರೆ ಹಬೆ ಕಾಣುತ್ತದೆ. ಮೊದಲ ಚಳಿಗಾಲದಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ. ಕಾಯೆತಾನ್ ನನ್ನ ಕಿವಿಗೆ ಬಾಯಿಟ್ಟು ಹೇಳಿದ್ದ: "ಮರ ನೋಡ್ಬೇಡ. ಮರದ ಸಂದಿ ನೋಡು. ಸಂದಿ ತುಂಬಿದ್ರೆ ಅದು ಜಿಂಕೆ."

ಹಿಂಡಿನ ಮುಂದಾಳು ಎಡಗಿವಿ ಹರಿದ ಒಂದು ಹಿರಿಯ ಹೆಣ್ಣು. ಕಾಯೆತಾನ್ ಅದಕ್ಕೆ 'ಅತ್ತೆ' ಎಂದು ಹೆಸರಿಟ್ಟಿದ್ದ. "ನೋಡು, ನೋಡು, ನಿಮ್ಮಮ್ಮ ನನ್ನನ್ನ ಮೊದಲ ದಿನ ಹೀಗೇ ನೋಡಿದ್ರು. ಇವನಿಗೆ ಕೆಲಸ ಇದೆಯೋ ಇಲ್ವೋ ಅಂತ." ನಗು ತಡೆಯಲು ನಾನು ಕೈಗವಸು ಕಚ್ಚಿಕೊಳ್ಳಬೇಕಾಗುತ್ತಿತ್ತು.

ಶನಿವಾರ ಬೆಳಕು ಹರಿದಾಗ ಎಲ್ಲರೂ ಕಾಡಿನ ಕೂಡುದಾರಿಯಲ್ಲಿ ಸೇರಿದ್ದೆವು. ಹಿಮ ಒಣಗಿತ್ತು, ಕಾಲಿಟ್ಟರೆ ಕಿರುಗುಟ್ಟುತ್ತಿತ್ತು. ಹಿಲಾರಿ ತನ್ನ ಟ್ರ್ಯಾಕ್ಟರಿನಲ್ಲೇ ಬಂದಿದ್ದ. ಹಳ್ಳದ ಪಕ್ಕದ ಗೋಧಿ ಹೊಲ ಅವನದು. ಹಿಮದಡಿಯ ಎಳೆಪೈರನ್ನು ಜಿಂಕೆಗಳು ಕೆರೆದು ತಿನ್ನುವುದು ಅಲ್ಲೇ. ಅಂಚೆಯ ಬ್ಲಾಂಕಾ ಬಿಸಿ ಫ್ಲಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಕುಣಿಯುತ್ತಿದ್ದಳು.

"ಅಂಚೆಯಮ್ಮ, ಹಂಗೆ ಕುಣಿದ್ರೆ ಜಿಂಕೆ ಎಲ್ಲಾ ಪಕ್ಕದ ದೇಶಕ್ಕೇ ಓಡ್ತವೆ," ಎಂದ ಹಿಲಾರಿ.

"ನಿಮ್ಮ ಬೂಟಿನ ಸಗಣಿ ವಾಸನೆಗೆ ಅವು ನೆನ್ನೆನೇ ಓಡಿ ಹೋಗಿವೆ, ಬಿಡಿ."

"ಓಡಿದ್ರೆ ಒಳ್ಳೇದೇ. ನನ್ನ ಪೈರು ಉಳೀತದೆ. ನನಗೇನು ಅವುಗಳ ಮೇಲೆ ದ್ವೇಷ ಐತಾ? ಬೇರೆ ಕಡೆ ಊಟ ಮಾಡ್ಲಿ ಅಂತೀನಿ." ಆಮೇಲೆ ನನ್ನನ್ನು ಕಂಡು ಟೋಪಿ ಮುಟ್ಟಿದ. "ನಮಸ್ಕಾರ, ಪ್ರೊಫೆಸರಮ್ಮ. ಚಳಿ ಜಾಸ್ತಿ."

"ಜಾಸ್ತಿ," ಎಂದೆ. ಶಾಲೆಯಲ್ಲಿ ಕಲಿಸುವವರನ್ನೂ ನಮ್ಮಲ್ಲಿ ಪ್ರೊಫೆಸರ್ ಎಂದೇ ಕರೆಯುತ್ತಾರೆ.

ಅವನು ಟ್ರ್ಯಾಕ್ಟರಿನ ಚಕ್ರ ನೋಡತೊಡಗಿದ.

ಗೆರ್ವಾಜಿ ಹೆಚ್ಚು ಮಾತಾಡಲಿಲ್ಲ. ಬೇರೆ ಊರುಗಳಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ನಕ್ಷೆ ಹಿಡಿದು ಹೇಳುತ್ತಾರಂತೆ. ನಮ್ಮಲ್ಲಿ ಅದರ ಅಗತ್ಯ ಬಿದ್ದಿಲ್ಲ. ಪ್ರತಿ ತುಂಡಿನಲ್ಲೂ ಪ್ರತಿಯೊಬ್ಬರಿಗೂ ಒಂದು ಗುರುತಿನ ಜಾಗವಿದೆ, ಹೆಚ್ಚಾಗಿ ಒಂದು ಮರ. ಹಳ್ಳದ ತುಂಡಿನಲ್ಲಿ ಹಿಲಾರಿಯ ಬರ್ಚ್, ಬ್ಲಾಂಕಾಳ ಕಡಿದ ಓಕ್ ಬುಡ, ನನ್ನ ಒಂಟಿ ಸ್ಪ್ರೂಸ್. ಆ ಮರಗಳನ್ನು ಅಪ್ಪ ಮಗನಿಗೆ ಬಿಟ್ಟುಹೋಗುವುದೂ ಉಂಟು.

"ಎಲ್ಲರೂ ಅವರವರ ಜಾಗಕ್ಕೆ," ಎಂದ ಗೆರ್ವಾಜಿ. "ಕೊಂಬು ಊದಿದ ಮೇಲೆ ಮಾತಿಲ್ಲ, ಹೆಜ್ಜೆ ಎತ್ತೋ ಹಾಗಿಲ್ಲ. ಬಲಗಡೆ ಮಾತ್ರ."

ಎಲ್ಲರೂ ಅವರವರ ಜಾಗಕ್ಕೆ ಹೋದೆವು.

ನಾನು ಸ್ಪ್ರೂಸಿಗೆ ಬೆನ್ನು ಕೊಟ್ಟು ನಿಂತು, ಕಾಲಡಿಯ ಹಿಮವನ್ನು ತುಳಿದು ಗಟ್ಟಿ ಮಾಡಿಕೊಂಡೆ. ಬಲಕ್ಕೆ ದೂರದಲ್ಲಿ ಬ್ಲಾಂಕಾಳ ಕೆಂಪು ಟೋಪಿ ಕಾಣುತ್ತಿತ್ತು. ಕೊಂಬಿನ ಸದ್ದು ಬಂತು, ನಿಂತಿತು. ಆಮೇಲೆ ಕಾಡಿನ ಸ್ವಂತ ಸದ್ದುಗಳು ಒಂದೊಂದಾಗಿ ಮರಳಿದವು. ಸಣ್ಣ ಹಕ್ಕಿಗಳ ಗುಂಪೊಂದು ತಲೆಯ ಮೇಲೆ ಕೊಂಬೆಯಿಂದ ಕೊಂಬೆಗೆ ಹಾರಿ, ಹಿಟ್ಟಿನಂಥ ಹಿಮ ಉದುರಿಸಿ ಹೋಯಿತು. ಮರಕುಟಿಗವೊಂದು ಪೈನ್ ಕಾಯನ್ನು ಬಿರುಕಿಗೆ ಸಿಕ್ಕಿಸಿ ಕುಟ್ಟುತ್ತಿತ್ತು. ಅದು ನಿಲ್ಲಿಸಿದಾಗಲೇ ನಾನು ಎಡಕ್ಕೆ ತಿರುಗಿದ್ದು.

ಎಡಗಡೆ ನೋಡುವ ಅಭ್ಯಾಸ ನನಗಿಲ್ಲ. ಎಡಗಡೆ ನನ್ನ ಲೆಕ್ಕವಲ್ಲ.

ನಾವು ಸಾಲಾಗಿ ನಿಂತ ಕಾಡುದಾರಿ ಅಲ್ಲಿ ಏರಿ ಒಂದು ದಿಬ್ಬವಾಗುತ್ತದೆ. ದಿಬ್ಬದ ಮೇಲೆ ಕವಲೊಡೆದ ಪೈನ್ ಮರವೊಂದಿದೆ. ಅದು ಕಾಯೆತಾನನ ಜಾಗ. ದಿಬ್ಬದ ಆಚೆ ಇಳಿಜಾರಿನಲ್ಲಿ ಹಿಲಾರಿಯ ಬರ್ಚ್. ಹಿಲಾರಿಗೆ ದಿಬ್ಬದವರೆಗೆ ಮಾತ್ರ ಕಾಣುತ್ತದೆ, ನನಗೂ ಅಷ್ಟೆ. ಎರಡೂ ಕಡೆ ಕಾಣುವುದು ಆ ಮರದ ಕೆಳಗೆ ನಿಂತವನಿಗೆ.

ಮರದ ಕೆಳಗೆ ಯಾರೂ ಇರಲಿಲ್ಲ. ತಪ್ಪು ಯಾರದೂ ಅಲ್ಲ. ಪ್ರತಿಯೊಬ್ಬರೂ ತಮ್ಮ ಮರಕ್ಕೆ ಹೋಗಿದ್ದರು. ಆ ಮರಕ್ಕೆ ಹೋಗಬೇಕಾದವನು ಇಲ್ಲವೆಂದು, ಸಾಲನ್ನು ಕೂಡಿಸಬೇಕೆಂದು, ನನ್ನನ್ನೂ ಸೇರಿಸಿ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ನನ್ನೆದುರು ಹೇಳುತ್ತಿದ್ದರೋ ಇಲ್ಲವೋ.

ಕೂಗುವ ಹಾಗಿರಲಿಲ್ಲ. ನಿಂತೆ.

ನನ್ನ ಬಲಗಡೆ ಒಂದು ನರಿ ಬಂತು. ಅವಸರವಿಲ್ಲದೆ, ಅಂಗಡಿಗೆ ಹೊರಟ ಹೆಂಗಸಿನಂತೆ ದಾರಿ ದಾಟಿತು. ಆಮೇಲೆ ಸಣ್ಣ ಜಾತಿಯ ಜಿಂಕೆಯೊಂದು ನೆಗೆದುಹೋಯಿತು. ಅದರ ಹಿಂಬದಿಯ ಬಿಳಿ ತೇಪೆಗೆ ಬೇಟೆಯವರು ಕನ್ನಡಿ ಎನ್ನುತ್ತಾರೆ. ಕನ್ನಡಿ ಹೊಳೆದು ಮಾಯವಾಯಿತು. ಬಲಗಡೆ ಅಷ್ಟೆ.

ಸೋವುವವರ ಕೋಲಿನ ಸದ್ದು ಇನ್ನೂ ದೂರವಿತ್ತು. ಎಡಗಡೆ, ಆಲ್ಡರ್ ಮರಗಳ ಸಂದಿಗಳು ತುಂಬತೊಡಗಿದವು.

ಮೊದಲು ಒಂದು ಸಂದಿ. ಆಮೇಲೆ ಪಕ್ಕದ್ದು. ಕಿವಿಗಳು, ಕತ್ತುಗಳು, ಮೂಗಿನ ಹಬೆ. ದೊಡ್ಡ ಕೆಂಪು ಜಿಂಕೆಗಳು ಇಷ್ಟು ಸದ್ದಿಲ್ಲದೆ ನಡೆಯುತ್ತವೆ ಎಂಬುದನ್ನು ಎಷ್ಟು ಸಲ ನೋಡಿದರೂ ನಂಬಿಕೆ ಬರುವುದಿಲ್ಲ. ಅಂಚಿಗೆ ಬಂದು ನಿಂತದ್ದು ಅತ್ತೆ. ಹರಿದ ಕಿವಿಯನ್ನು ತಿರುಗಿಸಿ ಹಿಂದಿನ ಸದ್ದು ಕೇಳಿತು, ಮೂಗೆತ್ತಿ ಮುಂದಿನ ಗಾಳಿ ಹಿಡಿಯಿತು. ಕವಲು ಪೈನಿನ ಕಡೆ ಬಹಳ ಹೊತ್ತು ನೋಡಿತು. ಪ್ರತಿ ವರ್ಷ ಅಲ್ಲಿ ಮನುಷ್ಯನ ವಾಸನೆ ಇರುತ್ತಿತ್ತು. ಹಾಗಾಗಿ ಹಿಂಡು ತಿರುಗಿ ಬೇರೆಲ್ಲೋ ಹಾಯುತ್ತಿತ್ತು, ಇಲ್ಲವೇ ಕೊನೆಯ ಗಳಿಗೆಯಲ್ಲಿ ಚೆದುರಿ ಓಡುತ್ತಿತ್ತು. ಈ ವರ್ಷ ಇರಲಿಲ್ಲ. ಅದು ಗಾಳಿಯನ್ನು ಇನ್ನೊಮ್ಮೆ ಪರೀಕ್ಷಿಸಿತು. ಇಲ್ಲ. ದಾರಿಗೆ ಕಾಲಿಟ್ಟಿತು.

ಉಳಿದವು ಹಿಂದೆ ಬಂದವು. ಓಡಲಿಲ್ಲ. ಒಂದು ಮರಿ ದಾರಿಯ ನಡುವೆ ನಿಂತು ಹಿಮ ನೆಕ್ಕಿತು. ತಾಯಿ ಮೂತಿಯಿಂದ ದೂಡಿತು. ಒಂದರ ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಹಾಗೇ ಇತ್ತು. ಒಳಗಿನ ಬಿಸಿ ಹೊರಗೆ ಬರದಷ್ಟು ಒತ್ತಾದ ರೋಮ. ಇದನ್ನೆಲ್ಲ ಗಮನಿಸಿದೆ. ಎಣಿಸಿದೆ ಕೂಡ. ನನ್ನದಲ್ಲದ ಲೆಕ್ಕ, ಆದರೂ ಕಣ್ಣು ತಾನಾಗಿ ಎಣಿಸಿತು. ಈಗಲಾದರೂ ಎದೆಯಲ್ಲಿ ಏನಾದರೂ ಆಗಬಹುದೆಂದು ಕಾದೆ. ಕಾಲ ಬೆರಳುಗಳು ಮರಗಟ್ಟಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಅತ್ತೆ ದಾರಿಯಾಚೆ ನಿಂತು ಎಲ್ಲವೂ ದಾಟುವವರೆಗೆ ಕಾದಿತ್ತು. ಕೊನೆಯದು ದಾಟಿದ ಮೇಲೆ ನನ್ನತ್ತ ಒಮ್ಮೆ ನೋಡಿತು. ನಾನು ಅಲ್ಲಿರುವುದು ಅದಕ್ಕೆ ಮೊದಲಿನಿಂದಲೂ ಗೊತ್ತಿತ್ತು.

ಮೊದಲ ತುಂಡಿನ ಎಣಿಕೆ ಮುಗಿದ ಮೇಲೆ ಕೂಡುದಾರಿಯಲ್ಲಿ ಬೆಂಕಿ ಹಾಕುವುದು ರೂಢಿ. ಹುಳಿ ಎಲೆಕೋಸು ಮತ್ತು ಮಾಂಸ ಹಾಕಿ ಬೇಯಿಸಿದ ಬಿಗೋಸ್ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿತ್ತು. ಗೆರ್ವಾಜಿ ಮರದ ದಿಮ್ಮಿಯ ಮೇಲೆ ಕೂತು ಒಬ್ಬೊಬ್ಬರನ್ನೇ ಸಾಲಿನ ಕ್ರಮದಲ್ಲಿ ಕೇಳತೊಡಗಿದ.

"ಹಿಲಾರಿ?"

"ಒಂದು ಮೊಲ. ಅದೂ ಕುಂಟು."

"ಅಷ್ಟೇನಾ?"

"ಅಷ್ಟೇ! ಮೂರು ತಿಂಗಳಿಂದ ನನ್ನ ಹೊಲದಾಗೆ ಮದುವೆ ಊಟ ಮಾಡಿದ ಹಿಂಡು ಎಲ್ಲಿ ಹೋಯ್ತು? ಆಕಾಶಕ್ಕೆ ಹಾರ್ತಾ? ಹಿಕ್ಕೆ ನೋಡಿದೀನಿ, ಹೆಜ್ಜೆ ನೋಡಿದೀನಿ. ಎಣಿಸೋ ದಿನ ಮಾತ್ರ ಎಲ್ಲಾ ಸನ್ಯಾಸಕ್ಕೆ ಹೋಗ್ತವೆ!"

"ನಿಮ್ಮ ಮುಖ ನೋಡಿದ್ರೆ ನಾನೂ ಹೋಗ್ತೀನಿ," ಎಂದಳು ಬ್ಲಾಂಕಾ. ಎಲ್ಲರೂ ನಕ್ಕರು.

ಗೆರ್ವಾಜಿಯೂ ನಗುತ್ತಲೇ ಇದ್ದ. ತಲೆ ಎತ್ತದೆ, ಅದೇ ದನಿಯಲ್ಲಿ, ಸಾಲಿನ ಮುಂದಿನ ಹೆಸರು ಕರೆದ.

"ಕಾಯೆತಾನ್?"

ನಗು ಒಂದೇ ಸಲ ನಿಂತಿತು. ಗೆರ್ವಾಜಿಯ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. ಹಿಲಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ದೇವರೇ. ಸಬಿಂಕಾ, ನಾನು... ಬಾಯಿ ತಪ್ಪಿ..."

"ಪರವಾಗಿಲ್ಲ."

"ಆ ಜಾಗ... ಯಾರನ್ನೂ ಹಾಕಿಲ್ಲ ನಾನು. ನನ್ನ ತಲೆಗೇ ಬರ್ಲಿಲ್ಲ." ಅವನು ನನ್ನನ್ನು ನೋಡಿದ. ಅವನಿಗೆ ಆಗಲೇ ಅರ್ಥವಾಗಿತ್ತು: ಹಿಂಡು ಎಲ್ಲಿಂದ ಹೋಗಿರಬಹುದು, ಅದನ್ನು ನೋಡಿರಬಹುದಾದವಳು ನಾನೊಬ್ಬಳೇ ಎಂದು. ಅವನು ನಿಧಾನವಾಗಿ, ಒಂದೊಂದೇ ಪದ ಎತ್ತಿಡುವವನಂತೆ ಹೇಳಿದ: "ಇರ್ಲಿ. ಆ ಜಾಗಕ್ಕೆ ಸೊನ್ನೆ ಅಂತ ಹಾಕ್ತೀನಿ. ನೀನು ನಿನ್ನ ಬಲಗಡೆದು ಹೇಳು ಸಾಕು. ನಿಯಮ ಅದೇ ಅಲ್ವಾ. ಬಲಗಡೆ ಏನು ಬಂತು?"

ಅವನು ನನಗೆ ದಾರಿ ಬಿಟ್ಟುಕೊಡುತ್ತಿದ್ದ. ಸುಳ್ಳು ಹೇಳಬೇಕಾಗಿರಲಿಲ್ಲ. ಒಂದು ನರಿ, ಒಂದು ಸಣ್ಣ ಜಿಂಕೆ ಎಂದರೆ ಅದು ಪೂರ್ತಿ ನಿಜ. ಹಿಂಡು ಒಂದು ವರ್ಷ ಉಳಿಯುತ್ತಿತ್ತು. ಹಿಲಾರಿಗೂ ನಾನು ಮೋಸ ಮಾಡಿದಂತಾಗುತ್ತಿರಲಿಲ್ಲ, ನಿಯಮ ಮಾಡಿದಂತಾಗುತ್ತಿತ್ತು. ಚರ್ಚಿನಲ್ಲಿ ಬಿಟ್ಟ ಜಾಗದ ಹಾಗೆ, ಅಂಗಡಿಯಲ್ಲಿ ಎತ್ತಿಟ್ಟ ಬನ್ನಿನ ಹಾಗೆ, ಇದೂ ಒಂದು ಒಳ್ಳೆಯತನ. ಎಲ್ಲರೂ ಸೇರಿ ಆ ಒಂದು ಜಾಗವನ್ನು ಖಾಲಿ ಇಟ್ಟು ಕಾಯುತ್ತಿದ್ದರು. ನಾನು ಅದರ ಪಕ್ಕದಲ್ಲಿ ನಿಂತಿರಬೇಕು, ಅಷ್ಟೆ.

"ಬಲಗಡೆ ಒಂದು ನರಿ, ಒಂದು ಸಣ್ಣ ಜಿಂಕೆ," ಎಂದೆ.

"ಸರಿ." ಗೆರ್ವಾಜಿ ಬೇಗನೆ ಬ್ಲಾಂಕಾಳ ಕಡೆ ತಿರುಗಿದ.

"ಸೊನ್ನೆ ಹಾಕ್ಬೇಡ, ಗೆರ್ವಾಜಿ."

"ಏನು?"

"ಕಾಯೆತಾನ್ ಜಾಗಕ್ಕೆ ಸೊನ್ನೆ ಹಾಕ್ಬೇಡ. ಒಬ್ಬ ನಿಂತು, ನೋಡಿ, ಏನೂ ಬರ್ಲಿಲ್ಲ ಅಂದ್ರೆ ಅದು ಸೊನ್ನೆ. ಅಲ್ಲಿ ಯಾರೂ ನಿಂತಿರ್ಲಿಲ್ಲ. ಅವನು ಸತ್ತಿದಾನೆ."

ಆ ಮಾತನ್ನು ನಾನು ಆ ಐದು ತಿಂಗಳಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಕಷ್ಟವಾಗಲಿಲ್ಲ. ಪಾಠದಲ್ಲಿ ಹೇಳುವ ವಾಕ್ಯದಂತಿತ್ತು.

"ಸಬಿಂಕಾ," ಎಂದ ಗೆರ್ವಾಜಿ ತಗ್ಗಿದ ದನಿಯಲ್ಲಿ, "ಯೋಚನೆ ಮಾಡಿ ಮಾತಾಡು."

"ಮಾಡಿದೀನಿ. ಹಿಂಡು ನಮ್ಮಿಬ್ಬರ ನಡುವೆ ಹಾದುಹೋಯ್ತು. ಅಂದ್ರೆ, ನನ್ನ ಎಡಗಡೆ. ಹದಿನಾಲ್ಕು ಹೆಣ್ಣು, ಒಂಬತ್ತು ಮರಿ. ಮುಂದೆ ಹರಿದ ಕಿವಿಯದು. ನೆಮ್ಮದಿಯಾಗಿ ನಡ್ಕೊಂಡು ಹೋದವು, ತಪ್ಪು ಎಣಿಸೋಕೆ ಸಾಧ್ಯ ಇರ್ಲಿಲ್ಲ."

ಹಿಲಾರಿ ಕುಣಿಯುತ್ತಾನೆ ಎಂದುಕೊಂಡಿದ್ದೆ. ಅವನು ಟೋಪಿಯನ್ನು ಕೈಯಲ್ಲೇ ತಿರುಗಿಸುತ್ತ ನಿಂತಿದ್ದ.

"ನಾನೇನೂ ಅಷ್ಟೊಂದು ಹೊಡೀಬೇಕು ಅಂತ ಹೇಳ್ಲಿಲ್ಲ, ಪ್ರೊಫೆಸರಮ್ಮ," ಎಂದ. "ನನಗೆ ಪೈರು ಮುಖ್ಯ. ಅಷ್ಟೇ ನಾನು ಹೇಳಿದ್ದು."

"ಗೊತ್ತು. ನಿಮ್ಮ ಪೈರು ತಿಂದಿದ್ದು ನಿಜ. ತಿಂದವು ಎಷ್ಟು ಅಂತ ಲೆಕ್ಕದಲ್ಲಿ ಇರ್ಬೇಕು."

ಗೆರ್ವಾಜಿ ಪೆನ್ಸಿಲನ್ನು ಕಾಗದಕ್ಕೆ ಊರಿದ. "ಯಾರ ಹೆಸರಲ್ಲಿ ಹಾಕ್ಲಿ?" ಎಂದು ಕೇಳಿದ. ಕೋಪವೋ ಸುಸ್ತೋ ತಿಳಿಯಲಿಲ್ಲ.

"ನನ್ನ ಹೆಸರಲ್ಲಿ. ಮುಂದಿನ ತುಂಡಿಗೆ ಸಾಲು ಕೂಡಿಸು. ಅವನ ಜಾಗಕ್ಕೆ ನಾನು ಹೋಗ್ತೀನಿ, ನನ್ನ ಜಾಗಕ್ಕೆ ಬ್ಲಾಂಕಾ ಬರ್ಲಿ. ಅವಳ ಆಚೆಯವರು ಒಬ್ಬೊಬ್ಬರು ಒಂದೊಂದು ಮರ ಇತ್ತ ಸರೀಲಿ."

ಅದಕ್ಕೆ ಮಾತ್ರ ಗಲಾಟೆಯಾಯಿತು. ಸಾಲಿನ ಆ ತುದಿಯ ಮುದುಕರಿಗೆ ಮರ ಬಿಡುವುದೆಂದರೆ ಮನೆ ಬಿಟ್ಟಂತೆ. ಒಬ್ಬ ತನ್ನ ಅಜ್ಜನ ಹೆಸರು ತೆಗೆದ. ಇನ್ನೊಬ್ಬ ಹೊಸ ಜಾಗದಲ್ಲಿ ಗಾಳಿ ಕಿವಿಗೆ ಹೊಡೆಯುತ್ತದೆ ಎಂದ. "ಕಿವಿಗೆ ಹತ್ತಿ ಇಟ್ಕೊಳ್ಳಿ ತಾತ, ಹೇಗೂ ನಿಮಗೆ ಕೊಂಬು ಕೇಳ್ಸಲ್ಲ," ಎಂದಳು ಬ್ಲಾಂಕಾ. ಬಯ್ಯುತ್ತ, ಗೊಣಗುತ್ತ ಒಪ್ಪಿದರು. ನನ್ನೆದುರು ಜನ ಇಷ್ಟು ಗಟ್ಟಿಯಾಗಿ ಜಗಳವಾಡಿ ಬಹಳ ದಿನವಾಗಿತ್ತು.

ಬ್ಲಾಂಕಾ ನನಗೊಂದು ಬಟ್ಟಲು ಬಿಗೋಸ್ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಬಿಸಿಯಿತ್ತು. ಹುಳಿಯೋ ಉಪ್ಪೋ ತಿಳಿಯಲಿಲ್ಲ. ತಿಂದೆ.

ಮುಂದಿನ ತುಂಡಿಗೆ ಹೊರಡುವಾಗ ಗೆರ್ವಾಜಿ ನನ್ನ ಜೊತೆ ಹೆಜ್ಜೆ ಹಾಕಿದ. "ನಾನು ನಿನಗೋಸ್ಕರ ಹೇಳಿದ್ದೆ," ಎಂದ.

"ಗೊತ್ತು."

"ಮುಂದಾಳನ್ನ ಹೊಡೆಯೋ ಪದ್ಧತಿ ಇಲ್ಲ ನಮ್ಮಲ್ಲಿ. ಅದನ್ನ ಹೊಡೆದ್ರೆ ಉಳಿದವು ದಿಕ್ಕು ತಪ್ತವೆ. ಸುತ್ತ ಇರೋದನ್ನ, ಮರಿಗಳನ್ನ ತೆಗೀತಾರೆ. ಕಿವಿ ಹರಿದಿರೋದು ಉಳಿಯುತ್ತೆ." ಸಮಾಧಾನ ಹೇಳುತ್ತಿದ್ದೇನೆಂದು ಅವನು ಅಂದುಕೊಂಡಿದ್ದ. ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಎಂಬುದು ಅವನಿಗೆ ಕೇಳಿಸಿರಬೇಕು.

"ಹೌದು," ಎಂದೆ. "ಅದು ಉಳಿಯುತ್ತೆ."

ಮಧ್ಯಾಹ್ನದ ತುಂಡು ಎತ್ತರದ ಪೈನ್‌ಗಳದು, ಕೆಳಗೆ ಪೊದೆಯಿಲ್ಲ, ದೂರದವರೆಗೆ ಕಾಣುತ್ತದೆ. ಕಾಯೆತಾನ್ ಅಲ್ಲಿ ನಿಲ್ಲುತ್ತಿದ್ದುದು ಒಂದು ಬಂಡೆಯ ಪಕ್ಕ. ಅವನು ಯಾಕೆ ಅದನ್ನು ಆರಿಸಿದ್ದನೆಂದು ನಿಂತ ಮೇಲೆ ತಿಳಿಯಿತು. ಬಂಡೆ ಗಾಳಿ ತಡೆಯುತ್ತಿತ್ತು, ಮೊಣಕೈ ಊರಲು ಸರಿಯಾದ ಎತ್ತರದಲ್ಲಿತ್ತು. ಊರಿದೆ. ಕೊಂಬು ಊದಿದರು. ನನ್ನ ಬಲಗಡೆ ಬ್ಲಾಂಕಾಳ ಕೆಂಪು ಟೋಪಿ ಹತ್ತಿರದಲ್ಲಿತ್ತು. ನಮ್ಮಿಬ್ಬರ ನಡುವಿನ ಹಿಮದ ಮೇಲೆ ಪೈನ್ ನೆರಳುಗಳು ಗೆರೆ ಎಳೆದಂತೆ ಬಿದ್ದಿದ್ದವು.

ಸೋವುವವರು ಕೋಲು ತಟ್ಟುತ್ತ ಹತ್ತಿರವಾದರು, ಮರಗಳ ನಡುವೆ ಅವರ ಮುಖಗಳು ಕಂಡವು, ದಾರಿಗೆ ಬಂದು ನಿಂತರು. ನಾನು ಕೊನೆಯವರೆಗೂ ಸಂದಿಗಳನ್ನು ನೋಡುತ್ತಿದ್ದೆ.

"ಸಬೀನಾ?" ಎಂದು ಗೆರ್ವಾಜಿ ದೂರದಿಂದಲೇ ಕೂಗಿದ.

"ಸೊನ್ನೆ," ಎಂದು ಕೂಗಿದೆ.